ಕುಶಲನ ಮಿದುಳು ತೆಳುವಾದ ಪ್ರಕರಣ

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ನಮ್ಮ ಕನ್ನಡ ಸಂಘ ನಡೆಸುವ ಭಾನುವಾರದ ಕನ್ನಡ ತರಗತಿಯ ವಿದ್ಯಾರ್ಥಿ ಚಿರಂಜೀವಿ ಕುಶಲನ ಮಿದುಳು ತೆಳುವಾಗಿದೆ. ಇದು ದೃಢಪಟ್ಟ ಸಂಗತಿ.

ಮಕ್ಕಳ ಮಿದುಳಿನ ಬೆಳವಣಿಗೆಯ ಸಂಶೋಧನೆಯೊಂದಕ್ಕೆ ತಾಯಿ ಮೈಥಿಲಿ ಅವನನ್ನು ಸೇರಿಸಿದ್ದರು. ಮುಂದೆ ಕಾಲೇಜಿನ ಅರ್ಜಿಯಲ್ಲಿ ಬರೆದುಕೊಳ್ಳಬಹುದೆಂಬುದು ಉದ್ದೇಶ. ಎರಡನೆಯ ಸ್ಕ್ಯಾನಿನ ಹೊತ್ತಿಗೆ ಹುಡುಗನಿಗೆ ಮೀಸೆ ಚಿಗುರಿತ್ತು. ಮಿದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ಮೊದಲ ಸ್ಕ್ಯಾನಿಗಿಂತ ಒಂದು ಕೂದಲೆಳೆಯಷ್ಟು ತೆಳುವಾಗಿತ್ತು. ಎರಡು ಸ್ಕ್ಯಾನುಗಳ ನಡುವೆ ಅವನು ಹೊಸದಾಗಿ ಸೇರಿದ್ದು ಕನ್ನಡ ತರಗತಿಗೆ ಮಾತ್ರ. ಆದಕಾರಣ ತರಗತಿಯನ್ನು ಮುಚ್ಚಬೇಕೆಂದು ಮೈಥಿಲಿ ದೂರು ಕೊಟ್ಟರು.

ಸಂಘದ ಸಮಿತಿಯ ಸಭೆ ಸೇರಿತು. ಶಿಕ್ಷಕಿ ಭುವನೇಶ್ವರಿ ಧಾರವಾಡದವರು, ಸಂಬಳವಿಲ್ಲದೆ ತರಗತಿಯನ್ನು ಕಟ್ಟಿದವರು. ಅದೊಂದು ಉಳಿದರೆ ಸಾಕೆಂದು ಬಂದಿದ್ದರು.

“ಅಷ್ಟರಾಗ ಅವನ ಪ್ಯಾಂಟೂ ಗಿಡ್ಡ ಆಗ್ಯಾವಲ್ರೀ. ಅದೂ ನಂದ ತಪ್ಪೇನ್ರೀ?”

“ಪ್ಯಾಂಟಿನ ವಿಷಯ ಅಜೆಂಡಾದಲ್ಲಿಲ್ಲ ಮೇಡಂ,” ಎಂದರು ಅಧ್ಯಕ್ಷ ಜಗನ್ನಾಥ.

ಸಭೆಗೆ ಕರೆಸಿದ್ದ ಮಿದುಳುತಜ್ಞೆ ಡಾಕ್ಟರ್ ಹರಿಪ್ರಿಯಾ ವಿವರಿಸಿದರು: “ಈ ವಯಸ್ಸಲ್ಲಿ ಎಲ್ಲರದ್ದೂ ತೆಳುವಾಗತ್ತೆ. ಬಳಸದ ಸಂಪರ್ಕಗಳು ಕಳಚಿಹೋಗ್ತವೆ, ಉಳಿದ ನರತಂತುಗಳಿಗೆ ಕೊಬ್ಬಿನ ಹೊದಿಕೆ ಬೆಳೆಯತ್ತೆ. ಸ್ಕ್ಯಾನಲ್ಲಿ ತೆಳುವಾಗಿ ಕಾಣೋದು ಅದಕ್ಕೇ. ಇದು ಬೆಳವಣಿಗೆ, ಕಾಯಿಲೆಯಲ್ಲ.”

“ಎಲ್ಲರ ಹಾಗೆ ಆಗೋದಕ್ಕೆ ನಾವು ಅಷ್ಟು ದುಡ್ಡು ಸುರಿದು, ಒಳ್ಳೇ ಶಾಲೆಗಳಿರೋ ಈ ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಮನೆ ತಗೊಂಡಿದ್ದಾ ಡಾಕ್ಟ್ರೇ?” ಎಂದರು ಮೈಥಿಲಿ.

“ಅಮ್ಮಾ, ಐ ಆಮ್ ಜಸ್ಟ್ ಗ್ರೋಯಿಂಗ್ ಅಪ್,” ಎಂದ ಕುಶಲ.

“ದೊಡ್ಡವರು ಮಾತಾಡ್ತಿದಾರೆ. ಸುಮ್ನಿರು.”

ವಿಜ್ಞಾನಕ್ಕೂ ಪೋಷಕರಿಗೂ ಸಮಾನ ಗೌರವ ಸಲ್ಲಬೇಕಾದ್ದರಿಂದ ಸಮಿತಿ ನಿಯಮವೊಂದನ್ನು ಅಂಗೀಕರಿಸಿತು: ತರಗತಿ ಮುಂದುವರಿಯತಕ್ಕದ್ದು; ಆದರೆ ಯಾವ ಮಗುವಿನ ಮಿದುಳಿಗೂ ಏನನ್ನೂ ತಲುಪಿಸತಕ್ಕದ್ದಲ್ಲ. ಮಕ್ಕಳು ಹೆಡ್‌ಫೋನ್ ತೊಟ್ಟು ಕುಳಿತರು. ಭುವನೇಶ್ವರಿ ಹಾಜರಿ ಕರೆದು, ಬೋರ್ಡು ಒರೆಸಿ, ಮನೆಗೆ ಹೋಗುತ್ತಿದ್ದರು.

ಮುಂದಿನ ಸ್ಕ್ಯಾನಿನಲ್ಲಿ ಕಾರ್ಟೆಕ್ಸ್ ಇನ್ನಷ್ಟು ತೆಳುವಾಗಿತ್ತು.

“ಕದ್ದು ಕಲಿಸಿದೀರಾ?” ಎಂದು ಮೈಥಿಲಿ ಕೇಳಿದರು.

ವಿಚಾರಣೆಯಾಯಿತು. ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುವಂತೆ ಕುಶಲನಿಗೆ ಹೇಳಲಾಯಿತು. ಮೊದಲು ಚೆನ್ನಾಗಿ ಬರೆಯುತ್ತಿದ್ದ ಹುಡುಗ ಪೆನ್ನು ಹಿಡಿದು ಯೋಚಿಸಿದ, ಮತ್ತೆ ಯೋಚಿಸಿದ, ಕೆಳಗಿಟ್ಟ. ಆರೋಪ ಬಿದ್ದುಹೋಯಿತು. ಮೈಥಿಲಿ ದೊಡ್ಡ ಮನಸ್ಸಿನಿಂದ ಕ್ಷಮೆ ಕೇಳಿದರು.

ರಾಜ್ಯೋತ್ಸವದಂದು, ಏನನ್ನೂ ಕಲಿಸಿಲ್ಲವೆಂದು ಸಾಬೀತಾದ ಪ್ರಯುಕ್ತ, ಭುವನೇಶ್ವರಿಯವರಿಗೆ ಉತ್ತಮ ಶಿಕ್ಷಕಿ ಪ್ರಶಸ್ತಿ ನೀಡಿ ಶಾಲು ಹೊದಿಸಲಾಯಿತು. ಸುತ್ತಲಿನ ಊರುಗಳಾದ ಡಬ್ಲಿನ್, ಸರಟೋಗಾಗಳಿಂದಲೂ ಈಗ ಪೋಷಕರು ತರಗತಿಗೆ ಪ್ರವೇಶ ಕೇಳಿ ಬರುತ್ತಿದ್ದಾರೆ. ಅಂದು ಭುವನೇಶ್ವರಿ ಎರಡು ಮಾತು ಕನ್ನಡದಲ್ಲಿ ಆಡಲು ಎದ್ದು ನಿಂತಾಗ, ಸಭಿಕರು ಮುನ್ನೆಚ್ಚರಿಕೆಯಾಗಿ ಮಕ್ಕಳಿಗೆ ಹೆಡ್‌ಫೋನ್ ತೊಡಿಸಿದರು.