ಹೆಸರು ಕೊರೆಸಿದ ಡಬ್ಬಿ

ಜನರಿಗೆ ದೊಡ್ಡ ದೊಡ್ಡ ಆಸೆಗಳಿರುತ್ತವೆ, ಹೇಗೋ ಈಡೇರಿಯೂ ಬಿಡುತ್ತವೆ. ನನ್ನದು ಸಣ್ಣದು. ಅಡಿಗೆಮನೆಯ ಕಪಾಟಿನಲ್ಲಿ ಒಂದೇ ಅಳತೆಯ, ಒಂದೇ ಥರದ ಸ್ಟೀಲ್ ಡಬ್ಬಿಗಳು ಸಾಲಾಗಿ ನಿಲ್ಲಬೇಕು, ಅಷ್ಟೇ. ಗೋಪನಕೊಪ್ಪದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದಕ್ಕೆ ಏನಾದರೊಂದು ಅಡ್ಡ ಬರುತ್ತಲೇ ಇದೆ. ಈಗೀಗ ಅಳುವುದನ್ನೂ ಬಿಟ್ಟಿದ್ದೇನೆ.

ಅಂಗಡಿ

ದುರ್ಗದಬೈಲಿನ ಭಾಂಡೆ ಅಂಗಡಿಗೆ ಹೋಗಿ ಒಂದು ಡಜನ್ ಡಬ್ಬಿ ಕೇಳಿದೆ. ಅಂಗಡಿಯವರು ಒಂದರೊಳಗೊಂದು ಕೂರುವ ಸಣ್ಣ-ದೊಡ್ಡ ಡಬ್ಬಿಗಳ ಸೆಟ್ ತಂದಿಟ್ಟರು.

“ಇವು ಬ್ಯಾಡ್ರಿ. ಎಲ್ಲಾ ಒಂದ ಅಳತೀವು ಬೇಕು” ಅಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. “ಯಾಕ್ರಿ ಅಕ್ಕಾರ, ನಿಮ್ಮ ಮನ್ಯಾಗ ಜ್ವಾಳದ ಹಿಟ್ಟು ಎಷ್ಟು ತಿಂತೀರೋ ಇಂಗೂ ಅಷ್ಟ ತಿಂತೀರೇನು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಚೀಲ ಹಿಡಿದು ನಿಂತಿದ್ದ ನನ್ನ ಯಜಮಾನರು.

ಕಪಾಟು

ಹಟ ಹಿಡಿದು ಒಂದೇ ಅಳತೆಯವನ್ನೇ ತಂದೆ. ತೊಳೆದು, ಒರೆಸಿ, ಕಾಳುಕಡಿ ತುಂಬಿ ಸಾಲಾಗಿ ಇಟ್ಟಾಗ ಕಣ್ಣು ತುಂಬಿ ಬಂತು. ಮರುದಿನ ಬೇಳೆ ತೆಗೆಯಲು ಹೋದರೆ ಡಬ್ಬಿ ಖಾಲಿ. ಪಕ್ಕದ್ದೂ ಖಾಲಿ. ಅತ್ತೆ ಎಲ್ಲವನ್ನೂ ತಮ್ಮ ಹಳೆಯ ಡೊಂಕು ಡಬ್ಬಿಗಳಿಗೇ ವಾಪಸ್ ಸುರಿದುಬಿಟ್ಟಿದ್ದರು.

“ಇದೇನ್ರಿ ಅತ್ತಿ?”

“ಭಾಳ ಛಲೋ ಕಾಣಾಕತ್ತಾವ ಬಿಡು” ಅಂದರು. “ನೋಡಾಕ ಅವು ಇರ್ಲಿ, ಅಡಿಗಿ ಮಾಡಾಕ ಇವು ಇರ್ಲಿ.”

ಪಂಚಮಿ

ಡಬ್ಬಿ ಖಾಲಿ ಇದ್ದದ್ದೇ ತಪ್ಪಾಯಿತು. ಅಷ್ಟರಲ್ಲಿ ಪಂಚಮಿ ಬಂತು. ಓಣಿಯ ಮನೆಮನೆಗೆ ಉಂಡಿ ಬೀರಬೇಕು. ಅತ್ತೆಯ ಕೈಗೆ ಸಿಕ್ಕಿದ್ದು ನನ್ನ ಹೊಸ ಡಬ್ಬಿಗಳೇ. ಹೋದವು ಹೋದವೇ. ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ಮರಳಿಸುವಂತಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಹಾಗಾಗಿ ಏನಾದರೂ ಮಾಡುವವರೆಗೆ ಡಬ್ಬಿ ಅವರಲ್ಲೇ. ನಾಚಿಕೆ ಬಿಟ್ಟು ಎದುರುಮನೆಯ ಶಾಂತಕ್ಕನನ್ನು ಕೇಳಿದೆ.

“ಅಯ್ಯ ತಂಗಿ, ಖಾಲಿ ಡಬ್ಬಿ ಹೆಂಗ ಕೊಡ್ಲಿ?”

“ಒಂದು ಹಿಡಿ ಸಕ್ಕರಿ ಹಾಕಿ ಕೊಟ್ಟುಬಿಡ್ರಿ.”

“ನಮ್ಮ ಸಕ್ಕರಿ ಇರೋದ ನಿಮ್ಮ ಡಬ್ಬ್ಯಾಗ! ಡಬ್ಬಿ ಕೊಟ್ಟ ಮ್ಯಾಲ ಉಳದ ಸಕ್ಕರಿ ಎಲ್ಲಿ ಇಡ್ಲಿ?”

ಹೆಸರು

ನನಗೆ ಬುದ್ಧಿ ಬಂತು ಅಂದುಕೊಂಡೆ. ಮತ್ತೊಂದು ಡಜನ್ ತಂದು, ಪ್ರತಿಯೊಂದರ ಮೇಲೂ ನನ್ನ ಹೆಸರು ಕೊರೆಸಿದೆ. ಹೆಸರು ನೋಡಿಯಾದರೂ ವಾಪಸ್ ಕೊಡಲಿ ಎಂದು. ದೀಪಾವಳಿಗೆ ಕರ್ಚಿಕಾಯಿ ತುಂಬಿ ಧೈರ್ಯವಾಗಿ ಹಂಚಿದೆ.

ನಮ್ಮೂರಲ್ಲಿ ಹೆಸರು ಕೊರೆಸಿದ ಭಾಂಡೆ ಕೊಡುವುದು ಯಾವಾಗ? ಮದುವೆಗೆ, ಗೃಹಪ್ರವೇಶಕ್ಕೆ, ಮುಯ್ಯಿ ಎಂದು. ಇದು ನನಗೆ ಹೊಳೆಯಲಿಲ್ಲ, ಇಡೀ ಓಣಿಗೆ ಹೊಳೆಯಿತು.

“ಹೆಸರು ಹಾಕಿಸಿ ಕೊಟ್ಟೀಯಲ್ಲವ್ವ, ಎಷ್ಟು ದೊಡ್ಡ ಮನಸ್ಸು ನಿಂದು!” ಎಂದು ಶಾಂತಕ್ಕ ಕಣ್ಣೊರೆಸಿಕೊಂಡರು. ಇಲ್ಲ, ಡಬ್ಬಿ ವಾಪಸ್ ಕೊಡ್ರಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಮುಯ್ಯಿ ತಗೊಂಡವರು ಸುಮ್ಮನಿರುತ್ತಾರೆಯೇ? ಶಾಂತಕ್ಕ ಮೊದಲಾಗಿ ಎಲ್ಲರೂ ತಮ್ಮ ತಮ್ಮ ಹೆಸರು ಕೊರೆಸಿ ಒಂದೊಂದು ಡಬ್ಬಿ ತಂದುಕೊಟ್ಟರು. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಹಿಡಿಕೆ. ಕಪಾಟು ತುಂಬಿತು, ಒಂದಕ್ಕೊಂದು ತಾಳಮೇಳವಿಲ್ಲ. ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. ಅವರು ಕಾಳುಗಳ ಹೆಸರು ಹೇಳುವುದನ್ನೇ ಬಿಟ್ಟು, ಡಬ್ಬಿಯ ಮೇಲಿದ್ದ ಹೆಸರನ್ನೇ ಕರೆಯತೊಡಗಿದರು. ತೊಗರಿಬೇಳೆ ಇದ್ದದ್ದು ಶಾಂತಕ್ಕನ ಡಬ್ಬಿಯಲ್ಲಿ.

ಮೊನ್ನೆ ಶಾಂತಕ್ಕ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಅವರು ಬಂದದ್ದು ಅತ್ತೆಗೆ ಗೊತ್ತಿರಲಿಲ್ಲ. ಅಡಿಗೆಮನೆಯಿಂದ ಕೂಗು ಬಂತು: “ಏ ಅವ್ವಿ, ಶಾಂತಕ್ಕಗ ಹುಳಾ ಬಿದ್ದಾವ ನೋಡು!”

ಶಾಂತಕ್ಕನ ಕೈಯಲ್ಲಿದ್ದ ಚಹಾದ ಕಪ್ ತುಟಿಯ ಹತ್ತಿರವೇ ನಿಂತಿತು. “ಅತ್ತೀ, ಸುಮ್ಮನಿರ್ರಿ!” ಎಂದು ನಾನು ಚೀರಿದೆ. ಅತ್ತೆಗೆ ಕಿವಿ ಮಂದ.

“ಲಗೂನ ಹೊರಗ ಒಯ್ದು ಬಿಸಲಾಗ ಇಡು ಅಕೀನ್ನ, ತಾವ ಹೊಂಟ ಹೋಗ್ತಾವ!”

ಹುಳಗಳು ಹೋಗಲು ಎರಡು ದಿನ ಹಿಡಿಯಿತು. ಶಾಂತಕ್ಕ ಅರ್ಧ ಚಹಾಕ್ಕೇ ಹೋದರು.