ಕಾಗುಣಿತ ಸಾರ್ ಮತ್ತು ಕೀಲಿಯ ಬೆರಳಚ್ಚು

ಗೊರಕೆಯ ವಿಷಯ ಹೊರಗೆ ಬಿದ್ದದ್ದು ಹೆಂಡತಿಯ ಬಾಯಿಂದಲ್ಲ, ಕಂಪ್ಯೂಟರಿನಿಂದ.

ಕಾಗುಣಿತ ಸಾರ್ ಒಂದು ದೊಡ್ಡ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಲಿಫ್ಟಿನಲ್ಲಿ ಅಂಟಿಸಿದ ಸೂಚನೆಯಲ್ಲೂ ಕೆಮ್ಮಿನ ಔಷಧದ ಡಬ್ಬಿಯ ಮೇಲೂ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ತಿದ್ದುವ ಅವರಿಗೆ ಇಡೀ ಅಪಾರ್ಟ್‌ಮೆಂಟ್ ಕಟ್ಟಡವೇ ಕೊಟ್ಟ ಬಿರುದು ಇದು. ಅವರು ಅದನ್ನು ಇಸ್ತ್ರಿ ಮಾಡಿದ ಕೋಟಿನಂತೆ ಹೆಮ್ಮೆಯಿಂದ ತೊಟ್ಟುಕೊಂಡಿದ್ದರು.

ತಾವು ಗೊರಕೆ ಹೊಡೆಯುವುದಿಲ್ಲ, ನಿದ್ದೆಯಲ್ಲಿ ಉಸಿರನ್ನು ಸ್ವಲ್ಪ ಸ್ಪಷ್ಟವಾಗಿ ಉಚ್ಚರಿಸುತ್ತೇವೆ ಅಷ್ಟೆ ಎಂಬುದು ಅವರ ನಿಲುವು. ಆದರೂ ಹೆಂಡತಿಯ ಕಾಟಕ್ಕೆ ಒಮ್ಮೆ ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಪರಿಹಾರ ಹುಡುಕಿದ್ದರು. ಅಂದಿನಿಂದ ಹವಾಮಾನ ನೋಡಲಿ, ನಿಘಂಟು ತೆರೆಯಲಿ, ಪರದೆಯ ಮೂಲೆಯಲ್ಲಿ ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡ ಗೊರಕೆ ಜಾಹೀರಾತಿನ ಮನುಷ್ಯನೊಬ್ಬ ಸಾಲಗಾರನಂತೆ ಕಾದು ಕುಳಿತಿರುತ್ತಿದ್ದ. ಪ್ರೆಸ್ಸಿನ ಮ್ಯಾನೇಜರ್ ಅದನ್ನು ಬಗ್ಗಿ ನೋಡಿ, "ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಸಾರ್?" ಎಂದು ಕೇಳಿದ ದಿನ ಅವರ ಸಹನೆ ಮುಗಿಯಿತು.

ಆ ಭಾನುವಾರ ಬೆಳಿಗ್ಗೆಯೇ ಅವರು ಯುದ್ಧಕ್ಕೆ ಕುಳಿತರು. ಬಳಸುವವರ ಬೆನ್ನು ಹತ್ತದ, ಖಾಸಗಿತನ ಕಾಯುವ ಬ್ರೌಸರ್ ಒಂದಿದೆಯೆಂದು ಓದಿದ್ದರು. ಆದರೆ ಅದು ಅವರ ಲ್ಯಾಪ್‌ಟಾಪಿನ ಸ್ವಂತ ಸಾಫ್ಟ್‌ವೇರ್ ಭಂಡಾರದಲ್ಲಿ ಇರಲಿಲ್ಲ. ಅದನ್ನು ತಯಾರಿಸಿದವರದೇ ಬೇರೊಂದು ಭಂಡಾರದಿಂದ ತರಬೇಕಿತ್ತು. ಹೊರಗಿನವರ ಭಂಡಾರವನ್ನು ನಂಬುವ ಮುನ್ನ ಅವರ ಡಿಜಿಟಲ್ ಸಹಿಯ ಕೀಲಿ ಅಸಲಿಯೇ ಎಂದು ನೋಡಿಕೊಳ್ಳಿ, ಕೀಲಿಯ ಬೆರಳಚ್ಚನ್ನು ಇನ್ನೊಂದು ಕಡೆಯಿಂದ ಪಡೆದು ಅಕ್ಷರ ಅಕ್ಷರ ತಾಳೆ ಹಾಕಿ ಎಂದು ಅವರ ತಾಣದಲ್ಲಿ ಬರೆದಿತ್ತು.

ಬೆರಳಚ್ಚೆಂದರೆ ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಕಲೆಸಿಹೋದ ಒಂದು ಉದ್ದನೆಯ ಸಾಲು. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿ ಮುಂದಕ್ಕೆ ಒತ್ತುತ್ತಿದ್ದರು. ಕಾಗುಣಿತ ಸಾರ್ ಅವರ ಮುಖ ಮಾತ್ರ ಹೂವಿನಂತೆ ಅರಳಿತು. ಅಕ್ಷರ ಅಕ್ಷರ ತಾಳೆ ಹಾಕುವುದು! ಇದಕ್ಕೆಂದೇ ಅಲ್ಲವೇ ತಾವು ಹುಟ್ಟಿದ್ದು?

"ಏನೇ, ಇಲ್ಲಿ ಬಾ. ನಿನ್ನ ಫೋನಲ್ಲಿ ಅವರ ಬೇರೆ ಪುಟ ತೆಗೆದಿದೀನಿ. ಅದರಲ್ಲಿರೋದನ್ನ ಗಟ್ಟಿಯಾಗಿ ಓದು. ನಾನು ಇಲ್ಲಿ ನೋಡ್ತೀನಿ. ಒಬ್ಬರು ಓದಬೇಕು, ಒಬ್ಬರು ನೋಡಬೇಕು, ಅದೇ ನಮ್ಮ ಕಸುಬಿನ ಪದ್ಧತಿ."

"ಒಲೆ ಮೇಲೆ ಇಟ್ಟು ಬಂದಿದೀನಿ ರೀ."

"ಇಳಿಸಿ ಬಾ. ಮಾನ ಉಳಿಯೋ ವಿಷಯ ಇದು."

ಹೆಂಡತಿ ಒಲೆ ಆರಿಸಿ ಬಂದು ಕಿಟಕಿಯ ಪಕ್ಕ ನಿಂತು ಶುರು ಮಾಡಿದಳು. "ಒಂಬತ್ತು, ಎ, ಡಿ, ನಾಲ್ಕು..."

"ಬಿ ಅಂದ್ಯಾ, ಡಿ ಅಂದ್ಯಾ?"

"ಡಿ ರೀ! ಡಬ್ಬದ ಡಿ!"

"ಹಾಗೆ ಬಿಡಿಸಿ ಹೇಳು. ಮುಂದೆ?"

"ಬಕೆಟ್ಟಿನ ಬಿ! ಏಳು! ಮತ್ತೆ ಡಬ್ಬ!"

ತೆರೆದ ಕಿಟಕಿಯಿಂದ ಡಬ್ಬಗಳೂ ಬಕೆಟ್ಟುಗಳೂ ಒಂದೊಂದಾಗಿ ಕೆಳಗಿನ ಮನೆಯ ಬಾಲ್ಕನಿಗೆ ಬಿದ್ದವು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಕ್ಯಾಶಿಯರಮ್ಮ. ಫೋನಿನಲ್ಲಿ ಗುಟ್ಟಿನ ಸಂಖ್ಯೆ ಕೇಳಿ ಜನರನ್ನು ಬೋಳಿಸುವ ಕಳ್ಳರ ಕತೆಗಳು ಅವರಿಗೆ ಬಾಯಿಪಾಠ. ಒದ್ದೆ ಟವೆಲನ್ನು ಹೆಗಲ ಮೇಲೆ ಎಸೆದುಕೊಂಡು ಮೆಟ್ಟಿಲು ಹತ್ತಿದರು. ದಾರಿಯಲ್ಲಿ ಎದುರುಮನೆಯ ಜಿಮ್ ಮೇಷ್ಟರ ಬಾಗಿಲು ಬಡಿದು, "ಬನ್ನಿ ಮೇಷ್ಟ್ರೇ, ಕಾಗುಣಿತ ಸಾರ್‌ನ ಯಾರೋ ಫೋನಲ್ಲೇ ಲೂಟಿ ಮಾಡ್ತಿದಾರೆ!" ಎಂದು ಕೂಗಿದರು.

ಬಾಗಿಲು ಸಿಡಿದು ತೆರೆದಾಗ ಹೆಂಡತಿ "ಇ, ಇಲಿಯ ಇ!" ಎನ್ನುತ್ತಿದ್ದಳು. ಕ್ಯಾಶಿಯರಮ್ಮ ಹದ್ದಿನಂತೆ ಎರಗಿ ಫೋನ್ ಕಿತ್ತುಕೊಂಡರು. ಟವೆಲಿನ ನೀರಿಗೆ ಕೈ ಜಾರಿ ಅದು ನೆಲಕ್ಕೆ ಬಿತ್ತು. ಜಿಮ್ ಮೇಷ್ಟರಿಗೆ ಏನು ಮಾಡಬೇಕೆಂದು ತೋಚದೆ, ಆದರೆ ಏನಾದರೂ ಮಾಡಲೇಬೇಕೆಂದು ಅನ್ನಿಸಿ, ಹೊರಗೆ ಓಡಿ ಮನೆಯ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು. ಫ್ಯಾನು ನಿಂತಿತು. ಬ್ಯಾಟರಿ ಸತ್ತು ಬಹಳ ಕಾಲವಾಗಿದ್ದ, ಪ್ಲಗ್ಗಿನ ಮೇಲೇ ಬದುಕುತ್ತಿದ್ದ ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

"ಬಚಾವಾದ್ರಿ ಸಾರ್," ಎಂದರು ಕ್ಯಾಶಿಯರಮ್ಮ, ಏದುಸಿರು ಬಿಡುತ್ತ. "ಎಷ್ಟು ಅಂಕಿ ಹೇಳಿಬಿಟ್ಟಿದ್ರಿ?"

"ಅಯ್ಯೋ, ಅದನ್ನ ಯಾರಿಗೂ ಹೇಳ್ತಿರಲಿಲ್ಲ ಕಣ್ರೀ! ಮನೆಯವಳು ನನಗೆ ಓದಿ ಹೇಳ್ತಿದ್ಲು. ಗುಟ್ಟು ಕಾಯೋ ಸಾಫ್ಟ್‌ವೇರಿನ ಕೀಲಿ ಅದು!"

"ಗುಟ್ಟಿನ ಕೀಲಿನ ಕಿಟಕಿ ಹತ್ರ ನಿಂತು ಕೂಗ್ತಾರಾ?"

"ಇದನ್ನ ಕೂಗಬಹುದು. ಇದು ಎಲ್ಲರಿಗೂ ಗೊತ್ತಿರಬೇಕಾದ ಕೀಲಿ. ಗೊತ್ತಿದ್ರೇನೇ ಭದ್ರ."

ಮೂವರೂ ಅವರನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿದರು. ಕಾಗುಣಿತ ಸಾರ್ ಕುರ್ಚಿ ಎಳೆದು ಕೂರಿಸಿ ವಿವರಿಸಿದರು. ಕೀಲಿ ಕೇವಲ ತಯಾರಕರ ಸಹಿ ಗುರುತಿಸಲು. ನಕಲಿ ಕೀಲಿ ನಂಬಿದರೆ ಕಾವಲುಗಾರನ ವೇಷದಲ್ಲಿ ಕಳ್ಳನೇ ಮನೆಗೆ ಬರುತ್ತಾನೆ. ನೋಟು ಎಣಿಸಿ ಬದುಕಿದ ಕ್ಯಾಶಿಯರಮ್ಮನಿಗೆ ಇದು ತಟ್ಟನೆ ಹೊಳೆಯಿತು.

"ಅಂದ್ರೆ ಖೋಟಾ ನೋಟು ಹಿಡಿಯೋ ಕೆಲಸ! ಮೊದಲೇ ಹೇಳಬಾರದಿತ್ತಾ? ಎಲ್ಲಿ, ನಾನು ಓದ್ತೀನಿ."

ಮೇನ್ ಸ್ವಿಚ್ಚು ಮತ್ತೆ ಮೇಲೇರಿತು, ಲ್ಯಾಪ್‌ಟಾಪು ಎದ್ದಿತು, ಕೆಲಸ ಮೊದಲಿನಿಂದ ಶುರುವಾಯಿತು. ಕ್ಯಾಶಿಯರಮ್ಮ ಕೌಂಟರಿನ ದನಿಯಲ್ಲಿ ಓದಿದರು. ಜಿಮ್ ಮೇಷ್ಟರು ಯಾರೂ ಅಡ್ಡ ಬರದಂತೆ ಬಾಗಿಲಿಗೆ ಅಡ್ಡಲಾಗಿ ಕೈಕಟ್ಟಿ ನಿಂತರು.

"ಮೊದಲಿನ ನಾಲ್ಕು, ಕೊನೇ ನಾಲ್ಕು ನೋಡಿದ್ರೆ ಸಾಕಲ್ವಾ ಸಾರ್?" ಎಂದರು ಮೇಷ್ಟರು, ಕಾಲು ನೋಯತೊಡಗಿದಾಗ.

"ನೀವು ದಂಡ ಹೊಡೆಯೋವಾಗ ಅರ್ಧಕ್ಕೆ ಬಗ್ಗಿ ಎದ್ದೇಳ್ತೀರಾ?"

ಮೇಷ್ಟರು ಕಾಲು ಬದಲಿಸಿ ನಿಂತರು. ಕಾಗುಣಿತ ಸಾರ್ ಮೊದಲಿಂದ ಕೊನೆಗೆ ಒಮ್ಮೆ, ಕಣ್ಣು ಮೋಸ ಹೋಗಬಾರದೆಂದು ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ನೋಡಿದರು. ಒಂದಕ್ಷರವೂ ತಪ್ಪಿರಲಿಲ್ಲ. ಆ ಕೀಲಿಯನ್ನು ಆ ಒಂದು ಭಂಡಾರಕ್ಕೆ ಮಾತ್ರ ಕಟ್ಟಿಹಾಕಿ, ಬೇರೆಲ್ಲೂ ಅದರ ಮಾತು ನಡೆಯದಂತೆ ಮಾಡಿ, ಗುಂಡಿ ಒತ್ತಿದರು. ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಹರಿದು ನಿಂತವು. ಬ್ರೌಸರ್ ತೆರೆದುಕೊಂಡಿತು. ಹವಾಮಾನ ಬರೀ ಹವಾಮಾನವಾಗಿತ್ತು, ನಿಘಂಟು ಬರೀ ನಿಘಂಟಾಗಿತ್ತು.

ಜಿಮ್ ಮೇಷ್ಟರು ಚಪ್ಪಾಳೆ ತಟ್ಟಿದರು. "ನಮ್ಮ ಯಜಮಾನರು ಹಿಡಿದ ಕೆಲಸ ಬಿಡಲ್ಲ," ಎಂದಳು ಹೆಂಡತಿ. ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ! ಕಾಗುಣಿತ ಸಾರ್ ಅವರ ಎದೆ ಅಂಗಿಯ ಗುಂಡಿಗಳಿಗೆ ಕಷ್ಟ ಕೊಡುವಷ್ಟು ಉಬ್ಬಿತು.

"ಇನ್ನು ಈ ಲೋಕದಲ್ಲಿ ನಾನ್ಯಾರು ಅಂತ ಯಾರಿಗೂ ಗೊತ್ತಾಗಲ್ಲ," ಎಂದು ಅವರು ಘೋಷಿಸಿದರು. ನಂತರ, ಮಧ್ಯಾಹ್ನದೊಳಗೆ ಕಳಿಸಲೇಬೇಕಿದ್ದ ವೈದ್ಯಕೀಯ ಪುಸ್ತಕದ ಕರಡು ನೆನಪಾಗಿ, ಅದೇ ಬ್ರೌಸರಿನಲ್ಲಿ ಪ್ರೆಸ್ಸಿನ ತಾಣ ತೆರೆದರು. ಸಂಜೆ ಮುದ್ರಣ ಶುರು. ಒಂದು ಮಾತ್ರೆಯ ಪ್ರಮಾಣದಲ್ಲಿ ದಶಮಾಂಶ ಬಿಂದುವೊಂದು ತಪ್ಪಿ ಬಿದ್ದದ್ದನ್ನು ಅವರು ಹಿಡಿದಿದ್ದರು. ಆ ತಿದ್ದುಪಡಿ ಹೋಗದಿದ್ದರೆ ಓದುಗರ ಪ್ರಾಣಕ್ಕೇ ಕುತ್ತು.

ತಾಣ ಹೇಳಿತು: ನಿಮ್ಮನ್ನು ಗುರುತಿಸಲಾಗುತ್ತಿಲ್ಲ. ಅಪರಿಚಿತ ಬ್ರೌಸರಿನಿಂದ ಪ್ರವೇಶ ಯತ್ನ ನಡೆದಿರುವುದರಿಂದ ಖಾತೆಯನ್ನು ತಡೆಹಿಡಿಯಲಾಗಿದೆ. ಸಹಾಯವಾಣಿಗೆ ಕರೆ ಮಾಡಿ.

ಹಳೆಯ ಬ್ರೌಸರಿನಲ್ಲೂ ಅದೇ ಮಾತು. ಮ್ಯಾನೇಜರ್ ಫೋನ್ ಎತ್ತಲಿಲ್ಲ. ಮನೆಯಲ್ಲಿದ್ದದ್ದು ಹೆಂಡತಿಯ ಫೋನ್ ಒಂದೇ; ಅದರಿಂದಲೇ ಸಹಾಯವಾಣಿ ಹಿಡಿದರು. ಬಿದ್ದ ಏಟಿಗೆ ಅದರ ದನಿ ಕಿವಿಗೆ ಕೇಳಿಸುತ್ತಿರಲಿಲ್ಲ. ಸ್ಪೀಕರ್ ಹಾಕಿದರೆ ಮಾತ್ರ ಮಾತಾಡುತ್ತಿತ್ತು, ಅದೂ ಕಟ್ಟಡಕ್ಕೆಲ್ಲ ಕೇಳುವ ಹಾಗೆ.

"ನೀವೇ ಅಂತ ಖಾತ್ರಿ ಮಾಡ್ಕೋಬೇಕು ಸಾರ್," ಎಂದಿತು ಒಂದು ಹೆಣ್ಣುದನಿ. "ಖಾತೆ ತೆರೆಯೋವಾಗ ನೀವೇ ಆರಿಸಿದ ಪ್ರಶ್ನೆ ಇದು. ಚಿಕ್ಕಂದಿನಲ್ಲಿ ನಿಮ್ಮನ್ನ ಮನೇಲಿ ಏನಂತ ಕರೀತಿದ್ರು?"

ಕ್ಯಾಶಿಯರಮ್ಮ ಕುರ್ಚಿಯನ್ನು ಕೊಂಚ ಮುಂದಕ್ಕೆ ಎಳೆದುಕೊಂಡರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೂ ಇದು ಹೊಸ ವಿಷಯ.

"ಬೇರೆ ಪ್ರಶ್ನೆ ಇಲ್ವಾ?"

"ಇಲ್ಲ ಸಾರ್."

ಮಾತ್ರೆಯ ಬಿಂದು ಕಣ್ಣ ಮುಂದೆ ಬಂತು. ಆಜಾನುಬಾಹುವಾಗಿ ಬೆಳೆದು ನಿಂತಿದ್ದ ಕಾಗುಣಿತ ಸಾರ್ ಗೋಡೆಗೆ ಹೇಳುವಂತೆ ಪಿಸುಗುಟ್ಟಿದರು. "ಗುಬ್ಬಿಮರಿ."

"ಕೇಳಿಸಲಿಲ್ಲ ಸಾರ್."

"ಗುಬ್ಬಿಮರಿ!"

ಜಿಮ್ ಮೇಷ್ಟರು ಬಾಗಿಲ ಕಡೆ ತಿರುಗಿ ನಿಂತರು. ಅವರ ಭುಜಗಳು ಮಾತ್ರ ಭಾರ ಎತ್ತುವಾಗ ನಡುಗುವ ಹಾಗೆ ನಡುಗುತ್ತಿದ್ದವು.

"ಹೊಂದ್ತಾ ಇಲ್ಲ ಸಾರ್. ಇನ್ನೊಂದೇ ಅವಕಾಶ. ಅಕ್ಷರ ಏನಾದ್ರೂ ತಪ್ಪಾಗಿದ್ಯಾ?"

"ತಪ್ಪಾ? ನನ್ನ ಹತ್ರ? ಮೂವತ್ತು ವರ್ಷದಿಂದ ಊರವರ ತಪ್ಪು ತಿದ್ದಿರೋನಮ್ಮಾ ನಾನು!"

"ರೀ," ಎಂದಳು ಹೆಂಡತಿ ಮೆಲ್ಲಗೆ, "ಒತ್ತು ಬಿಟ್ಟು ಹೇಳಿ ನೋಡಿ. ಬರೆಯೋವಾಗ ಮರೆತಿದ್ರೆ?"

"ಗುಬಿಮರಿ ಅಂತಲಾ? ಸತ್ತರೂ ನಾನು ಹಾಗೆ ಬರೆಯಲ್ಲ!"

"ಹೊಂದ್ತು ಸಾರ್," ಎಂದಿತು ಫೋನಿನ ದನಿ. "ಒತ್ತಿಲ್ಲದ ಗುಬಿಮರಿ. ಖಾತೆ ತೆರೆದಿದೆ. ಶುಭದಿನ."

ಕರಡು ಹೊತ್ತಿಗೆ ಸರಿಯಾಗಿ ಹೋಯಿತು, ಬಿಂದು ತನ್ನ ಜಾಗಕ್ಕೆ ಬಂತು. ಕಾಗುಣಿತ ಸಾರ್ ಮಾತ್ರ ಉಳಿದ ಮಧ್ಯಾಹ್ನವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಇಂಟರ್ನೆಟ್ಟಿನಲ್ಲಿ ಈಗ ಅವರು ಯಾರೆಂದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಮಾತ್ರ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ.

ಸಂಜೆ ಕರೆಗಂಟೆ ಸದ್ದು ಮಾಡಿತು. ಕ್ಯಾಶಿಯರಮ್ಮ ತಮ್ಮ ಲ್ಯಾಪ್‌ಟಾಪು ಅವುಚಿಕೊಂಡು ನಿಂತಿದ್ದರು. ಹಿಂದೆ ಜಿಮ್ ಮೇಷ್ಟರು, ಅವರ ಹಿಂದೆ ಮೇಲಿನ ಮಹಡಿಯವರು ಇಬ್ಬರು.

"ಗುಬ್ಬಿ ಸಾರ್, ನಮಗೂ ಆ ಸಾಫ್ಟ್‌ವೇರ್ ಹಾಕಿಕೊಡ್ತೀರಾ? ನಿಮ್ಮಷ್ಟು ಕರಾರುವಾಕ್ಕಾಗಿ ತಾಳೆ ಹಾಕೋರು ಇನ್ಯಾರಿದಾರೆ ಹೇಳಿ."

ಕಾಗುಣಿತ ಸಾರ್ ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಏರಿಸಿ, ಬಾಗಿಲನ್ನು ಪೂರ್ತಿ ತೆರೆದರು.

"ಗುಬ್ಬಿ ಅಲ್ಲ, ಗುಬ್ಬಿಮರಿ," ಎಂದರು. "ಅರ್ಧಕ್ಕೆ ನಿಲ್ಲಿಸಬೇಡಿ. ಒತ್ತು ಸರಿಯಾಗಿ ಹೇಳಿದ್ರಿ, ಸಂತೋಷ. ಒಳಗೆ ಬನ್ನಿ."