ಕಣ್ಣೆದುರು ಕೆಡದ ಟಂಟಂ

ಮಂದಿ ಸಾಗಿಸುವ ತುಳಜಾರಾಮನ ಮೂರು ಗಾಲಿಯ ಟಂಟಂ ಕೆಟ್ಟಿರಲಿಲ್ಲ, ಸರಿಯಾಗಿಯೂ ಇರಲಿಲ್ಲ. ಕೀಲಿ ತಿರುಗಿಸಿದರೆ ಒಮ್ಮೆ ಗುಡುಗುಡು ಎನ್ನುತ್ತಿತ್ತು. ಇನ್ನೊಮ್ಮೆ ಮುನಿಸಿಕೊಂಡ ಅಳಿಯನಂತೆ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು.

ಹುಮನಾಬಾದಿನ ಗಾಡಿ ವ್ಯಾಪಾರಿ ಮಚ್ಚೇಂದ್ರನ ಬಳಿ ಈ ಹಳೆಯ ಗಾಡಿ ಕೊಂಡು ಅಂದಿಗೆ ಎಂಟನೆಯ ದಿನ. “ನನ್ನ ಕಣ್ಣೆದುರು ಚಾಲೂ ಆಗಲಿಲ್ಲಂದ್ರ ಬದಲಿ ಗಾಡಿ ಕೊಡ್ತೀನಿ. ಎಂಟು ದಿನದ ಮಾತು. ಎಂಟನೇ ದಿನ ಸಂಜಿ ಅಂಗಡ್ಯಾಗ ದೀಪ ಹಚ್ಚಿದೆ ಅಂದ್ರ ಮಾತು ಮುಗೀತು” ಎಂದು ಮಚ್ಚೇಂದ್ರ ಕೈಯಲ್ಲಿ ಕೈಯಿಟ್ಟು ಹೇಳಿದ್ದ.

ತುಳಜಾರಾಮನ ಊರು ಬಸವಕಲ್ಯಾಣದ ಫಿಟರ್‌ಗಳು ಬ್ಯಾಟರಿ ನೋಡಿದರು, ಸೆಲ್ಫ್ ಸ್ಟಾರ್ಟರ್ ಬಿಚ್ಚಿದರು, ವೈರು ಜಗ್ಗಿದರು. ಅವರ ಎದುರು ಗಾಡಿ ಪ್ರತಿ ಸಲವೂ ಚಾಲೂ ಆಯಿತು. “ಚಾಲೂ ಆಗದಿದ್ದಾಗ ತಗೊಂಡು ಬರ್ರಿ” ಎಂದರು. ಚಾಲೂ ಆಗದ ಗಾಡಿಯನ್ನು ತರುವುದು ಹೇಗೆಂದು ಯಾರೂ ಹೇಳಲಿಲ್ಲ. ತುಳಜಾರಾಮ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದ: ‘ಮುಡಬಿ, ಬೆಳಿಗ್ಗೆ ಎಂಟು, ಆರು ಮಂದಿ, ಟಿಕ್. ಒಬ್ಬ ಅಜ್ಜಿ ಇಳಿದ ಮೇಲೆ ಚಾಲೂ.’ ಆದರೆ ಮರುದಿನ ಅದೇ ಅಜ್ಜಿ ಹತ್ತಿದಾಗಲೂ ಚಾಲೂ ಆಗಿತ್ತು. ಮುಡಬಿಯ ಮಂದಿ ಈಗ ಅವನ ಟಂಟಂ ಕಂಡರೆ ಅದನ್ನು ಬಿಟ್ಟು ಹಿಂದೆ ಬರುವ ಗಾಡಿಗೆ ಕೈ ಮಾಡುತ್ತಿದ್ದರು. ಇಂದು ಗಾಡಿ ಬದಲಾಗದಿದ್ದರೆ ಅವನ ದಂಧೆ ಮುಗಿದಂತೆಯೇ.

ಪಕ್ಕದ ಮನೆಯ ಯುನೂಸ್ ಚಾಚಾ ಜೊತೆಗೆ ಹೊರಟರು. ಅವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. “ಸಾಕ್ಷಿ ಬೇಕಲ್ಲೋ ಬೇಟಾ” ಎಂದರು.

ಹುಮನಾಬಾದಿನಲ್ಲಿ ಮಚ್ಚೇಂದ್ರ ಕೀಲಿ ತಿರುಗಿಸಿದ. ಗುಡುಗುಡು! ಮತ್ತೆ ತಿರುಗಿಸಿದ. ಗುಡುಗುಡು! ಹನ್ನೊಂದು ಸಲ ತಿರುಗಿಸಿದ; ಹನ್ನೊಂದು ಸಲವೂ ಗಾಡಿ ಶಾಲೆಯ ಮೊದಲ ಬೆಂಚಿನ ಹುಡುಗನಂತೆ ಕೂಡಲೇ ಉತ್ತರ ಕೊಟ್ಟಿತು.

“ಬಂಗಾರದಂಥ ಗಾಡಿಗೆ ಯಾಕ ಹೆಸರಿಡಾಕತ್ತೀರಿ?”

“ಸಾವ್ಕಾರ್ರೆ, ಅದು ನಿಮಗ ಅಂಜತದ್ರಿ!”

ಬಿಸಿಲಿಗೆ ನಿಲ್ಲಿಸಿದರು, ನೆರಳಿಗೆ ನಿಲ್ಲಿಸಿದರು. ತನ್ನ ಗಾಡಿ ಚಾಲೂ ಆಗದಿರಲಿ ಎಂದು ತುಳಜಾರಾಮ ಮೊದಲ ಬಾರಿಗೆ ದೇವರಿಗೆ ಹರಕೆ ಹೊತ್ತ. ಮಚ್ಚೇಂದ್ರ ಊಟಕ್ಕೆ ಒಳಗೆ ಹೋದ. ಸೀಟಿನಲ್ಲಿದ್ದ ಚಾಚಾ ಸುಮ್ಮನೆ ಕೀಲಿ ತಿರುಗಿಸಿದರು. ಟಿಕ್.

“ಚಾಲೂ ಆಗವಲ್ದು! ಸಾವ್ಕಾರ್ರೆ, ಬರ್ರಿ, ಚಾಲೂ ಆಗವಲ್ದು!” ತುಳಜಾರಾಮ ಸಂತೋಷದಿಂದ ಕುಣಿದ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಐದು ಮಂದಿ ಕಪ್ಪು ಬಿಟ್ಟು ಓಡಿಬಂದರು. “ಹಚ್ರೀ ಕೈ!”

“ಬ್ಯಾಡ್ರೀ! ನೂಕಬ್ಯಾಡ್ರೀ! ಕೈ ಮುಗೀತೀನಿ!”

“ನಾಚಿಕಿ ಯಾಕ್ರೀ, ಎಲ್ಲಾರ ಗಾಡೀನೂ ಕೈ ಕೊಡತಾವ!”

ಹಿಂದಿನಿಂದ ನೂಕು ಬಿದ್ದ ಕೂಡಲೇ ಚಾಚಾ ಮೂವತ್ತು ವರ್ಷದ ಅಭ್ಯಾಸದಂತೆ ಸೆಕೆಂಡ್ ಗೇರು ಹಾಕಿ ಕ್ಲಚ್ಚು ಬಿಟ್ಟರು. ಮಚ್ಚೇಂದ್ರ ಕೈ ತೊಳೆದು ಹೊರಬಂದಾಗ ಗಾಡಿ ಹಾಡುತ್ತಿತ್ತು.

“ಚಾಚಾ! ಗೇರ್ ಯಾಕ ಹಾಕಿದ್ರಿ?”

“ಕಾಲು ನನ್ನ ಮಾತು ಕೇಳಲಿಲ್ಲೋ.”

ಹೊತ್ತು ಇಳಿಯಿತು. ಮಚ್ಚೇಂದ್ರ ದೀಪಕ್ಕೆ ಎಣ್ಣೆ ಹಾಕತೊಡಗಿದ. ತುಳಜಾರಾಮ ಇಂಜಿನ್ ಬಂದ್ ಮಾಡಿ, ಚಾಚಾರನ್ನು ಕೆಳಗಿಳಿಸಿ, ಗಾಡಿಯ ಹಿಂದೆ ರಸ್ತೆಯ ಮೇಲೆ ಅಡ್ಡ ಮಲಗಿಸಿದ. “ಯಾರರೆ ನೂಕಾಕ ಬಂದ್ರ ನನ್ನ ತುಳಕೊಂಡು ಬರ್ರಿ!” ಎಂದು ಚಾಚಾ ಮಲಗಿದಲ್ಲಿಂದಲೇ ಗುಡುಗಿದರು. ಮಚ್ಚೇಂದ್ರ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಬಂದು ಕೊನೆಯ ಸಲ ಕೀಲಿ ತಿರುಗಿಸಿದ.

ಟಿಕ್. ಮತ್ತೆ ಟಿಕ್.

ಮಚ್ಚೇಂದ್ರನ ಮುಖ ಬಾಡಿತು. “ಮಾತು ಅಂದ್ರ ಮಾತು” ಎಂದವನು ಹಿತ್ತಲಿನಿಂದ ಹಸಿರು ಟಂಟಂ ಒಂದನ್ನು ತಾನೇ ಓಡಿಸಿಕೊಂಡು ಬಂದ. “ಇದು ಚಾಲೂ ಆಗೂದಿಲ್ಲ ಅನ್ನೂ ಮಾತೇ ಇಲ್ಲ. ಹಂಗೇ ಹತ್ತಿ ಹೊಂಡ್ರಿ. ಇದಕ್ಕೂ ಎಂಟು ದಿನ, ಕಣ್ಣೆದುರು ಕೆಟ್ಟದ್ದು ತೋರಿಸಿದ್ರ ಬದಲಿ.”

ಬಸವಕಲ್ಯಾಣದವರೆಗೆ ಗಾಡಿ ಒಂದು ಕೆಮ್ಮೂ ಕೆಮ್ಮಲಿಲ್ಲ. ಹೆಂಡತಿ ಉಜ್ವಲಾ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅದನ್ನ ಬಂದ್ ಮಾಡ್ರಿ, ಹೊಗಿ ಬರಾಕತ್ತದ.”

ತುಳಜಾರಾಮ ಕೀಲಿ ತಿರುಗಿಸಿದ. ಇಂಜಿನ್ ನಿಲ್ಲಲಿಲ್ಲ. ಕೀಲಿ ತೆಗೆದು ಜೇಬಿಗಿಟ್ಟ. ನಿಲ್ಲಲಿಲ್ಲ. ಇಂಜಿನ್ ಉಸಿರುಗಟ್ಟಿ ನಿಲ್ಲಲಿ ಎಂದು ಗೇರು ಹಾಕಿ ಕ್ಲಚ್ಚು ಬಿಟ್ಟ. ಗಾಡಿ ಎದುರು ಮನೆಯ ಚಂದಮ್ಮನ ಕಟ್ಟೆ ಏರಿ, ಅಲ್ಲಿಯೂ ಗುಡುಗುಡು ಎನ್ನುತ್ತ ನಿಂತಿತು.

“ಅಯ್ಯ ಇವನ, ಮನಿಯೊಳಗ ಬರ್ತೀಯೇನೋ?” ಚಂದಮ್ಮ ಮೊರ ಎತ್ತಿದಳು.

ಅವನು ಬೆವರುತ್ತ ಮಚ್ಚೇಂದ್ರನಿಗೆ ಫೋನು ಹಚ್ಚಿದ. “ಸಾವ್ಕಾರ್ರೆ, ಇದು ಬಂದ್ ಆಗವಲ್ದು!”

“ಹೌದ? ಕಣ್ಣೆದುರು ನೋಡಬೇಕಲ್ಲ. ವಿಡಿಯೋ ಕಾಲ್ ಮಾಡ್ರಿ, ಇಲ್ಲಿಂದನೇ ನೋಡ್ತೀನಿ.”

ತುಳಜಾರಾಮ ಮೊಬೈಲನ್ನು ಇಂಜಿನ್ ಕಡೆಗೆ ತಿರುಗಿಸಿದ. ಸರಿಯಾಗಿ ಆಗಲೇ ಟಾಕಿಯಲ್ಲಿದ್ದ ಡೀಸೆಲ್ ಮುಗಿಯಿತು. ಗುಡು... ಗುಡು... ಗಾಡಿ ತಣ್ಣಗೆ ನಿಂತುಬಿಟ್ಟಿತು.

“ಬಂದ್ ಆತಲ್ರೀ!” ಮೊಬೈಲಿನಲ್ಲಿ ಮಚ್ಚೇಂದ್ರನ ಮುಖ ಅರಳಿತು. “ಬಂಗಾರದಂಥ ಗಾಡಿಗೆ ಯಾಕ ಹೆಸರಿಡಾಕತ್ತೀರಿ?”